ಬಾಗಿಲು ತಟ್ಟುವುದಕ್ಕೂ ತರಬೇತಿ ಬೇಕು

ಅಮೆರಿಕದಲ್ಲಿ ಆಂಬುಲೆನ್ಸ್ ಕೆಲಸದವರ ಒಂದು ಹಳೇ ದೂರಿದೆ. ಡ್ರಗ್ಸ್ ಅಳತೆ ಮೀರಿ, ಅಂದರೆ ಓವರ್‌ಡೋಸ್ ಆಗಿ, ಉಸಿರು ನಿಂತು, ತುಟಿ ನೀಲಿಗಟ್ಟಿ ಬಿದ್ದವನ ಮೂಗಿಗೆ ಔಷಧಿ ಸಿಂಪಡಿಸುತ್ತಾರೆ. ಎರಡು ಮೂರು ನಿಮಿಷದಲ್ಲಿ ಅವನು ಕಣ್ಣು ಬಿಡುತ್ತಾನೆ. ಥ್ಯಾಂಕ್ಸ್ ಹೇಳುವುದಿಲ್ಲ. ಬೈಯುತ್ತಾನೆ, ಕೈ ತಳ್ಳುತ್ತಾನೆ, ಆಸ್ಪತ್ರೆಗೆ ಬರಲ್ಲ ಅಂತ ಎದ್ದು ಹೋಗುತ್ತಾನೆ. ಪ್ರಾಣ ಉಳಿಸಿದ್ದಕ್ಕೆ ಸಿಕ್ಕ ಮರ್ಯಾದೆ ಇದೇನಾ ಅಂತ ಇವರು ಗೊಣಗುತ್ತಾ ವಾಪಸ್ ಬರುತ್ತಾರೆ. ಹೀಗೆ ಬದುಕಿದವರ ಮನೆ ಬಾಗಿಲನ್ನು ಕೆಲವು ದಿನದಲ್ಲಿ ಮತ್ತೆ ಹೋಗಿ ತಟ್ಟುವ ತಂಡಗಳಿವೆ. ಆ ತಂಡಗಳಿಗೆ ಬೇಕಾದ ತರಬೇತಿಯ ಕತೆ ಇದು.

ಈ ಸಿಟ್ಟಿಗೆ ಒಂದು ಕಾರಣ ಔಷಧಿಯಲ್ಲೇ ಇದೆ. ಹೆರಾಯಿನ್, ಮಾರ್ಫಿನ್, ಫೆಂಟನಿಲ್ ಎಲ್ಲವೂ ಒಪಿಯಾಯ್ಡ್ ಅನ್ನುವ ಒಂದೇ ಮನೆತನದವು. ಮೆದುಳಿನ ಜೀವಕೋಶಗಳ ಮೇಲಿರುವ ಕೆಲವು ಗ್ರಾಹಕಗಳ (ರಿಸೆಪ್ಟರ್) ಮೇಲೆ ಹೋಗಿ ಕೂರುತ್ತವೆ. ನೋವು ಹೋಗುತ್ತದೆ, ಹಾಯೆನಿಸುತ್ತದೆ. ಡೋಸ್ ಜಾಸ್ತಿಯಾದರೆ ಉಸಿರಾಡು ಅಂತ ಮೆದುಳು ಕೊಡುವ ಆಜ್ಞೆಯೇ ಮಂಕಾಗಿ, ಕೊನೆಗೆ ನಿಂತುಹೋಗುತ್ತದೆ. ಫೆಂಟನಿಲ್ಲಿನ ಬಲ ಹೆರಾಯಿನ್‌ನ ಸುಮಾರು 50 ಪಟ್ಟು. ಅಳತೆ ತಪ್ಪಲು ಚಿಟಿಕೆಯಷ್ಟೂ ಬೇಕಾಗುವುದಿಲ್ಲ. ನಲಾಕ್ಸೋನ್ ಅನ್ನುವ ಔಷಧಿ ಬಂದು, ಗ್ರಾಹಕದ ಮೇಲೆ ಕೂತಿರುವ ಒಪಿಯಾಯ್ಡನ್ನು ಎಬ್ಬಿಸಿ ಓಡಿಸಿ ಆ ಜಾಗದಲ್ಲಿ ತಾನು ಕೂರುತ್ತದೆ. ಉಸಿರು ಮರಳುತ್ತದೆ. ಜೊತೆಗೇ, ದಿನಾ ತೆಗೆದುಕೊಳ್ಳುವವನಿಗೆ ಚಟ ತಪ್ಪಿದಾಗಿನ ಸಂಕಟವೆಲ್ಲ ಒಂದೇ ಏಟಿಗೆ ಬಂದು ಬಡಿಯುತ್ತದೆ. ವಾಂತಿ, ನಡುಕ, ಬೆವರು, ಮೂಳೆ ಮೂಳೆಯಲ್ಲಿ ನೋವು. ಸಾಮಾನ್ಯವಾಗಿ ಗಂಟೆಗಟ್ಟಲೆ ಹಿಡಿದು ನಿಧಾನಕ್ಕೆ ಏರುವ ಸಂಕಟ ಇಲ್ಲಿ ನಿಮಿಷದಲ್ಲಿ ಏರುತ್ತದೆ. ಇನ್ನೊಂದು ಅಪಾಯವೂ ಇದೆ. ನಲಾಕ್ಸೋನ್ ಕೆಲಸ ಮಾಡುವುದು 30ರಿಂದ 90 ನಿಮಿಷ ಮಾತ್ರ. ಮೈಯಲ್ಲಿ ಉಳಿದ ಫೆಂಟನಿಲ್ ಮತ್ತೆ ಬಂದು ಕೂರಬಹುದು, ಉಸಿರು ಮತ್ತೆ ನಿಲ್ಲಬಹುದು.

ಡೋಸ್ ಹೆಚ್ಚಿಸಿದರೆ ಒಳ್ಳೆಯದಲ್ಲವೇ ಅಂತ ಅನಿಸಬಹುದು. ನ್ಯೂಯಾರ್ಕ್ ರಾಜ್ಯದ ಪೊಲೀಸರು 2022 ಮತ್ತು 2023ರಲ್ಲಿ ಇದನ್ನೇ ಹೋಲಿಸಿ ನೋಡಿದರು. ಕೆಲವು ತಂಡಗಳಿಗೆ 4 ಮಿಲಿಗ್ರಾಂ ಸ್ಪ್ರೇ, ಕೆಲವಕ್ಕೆ 8 ಮಿಲಿಗ್ರಾಂ. ಬದುಕುಳಿದವರ ಪ್ರಮಾಣದಲ್ಲಿ ವ್ಯತ್ಯಾಸ ಬರಲಿಲ್ಲ. 8 ಮಿಲಿಗ್ರಾಂ ಪಡೆದವರಲ್ಲಿ ವಾಂತಿ ಮುಂತಾದ ಸಂಕಟದ ಲಕ್ಷಣ ಕಾಣುವ ಸಾಧ್ಯತೆ ಮಾತ್ರ ಎರಡೂವರೆ ಪಟ್ಟು ಆಗಿತ್ತು. ಅನುಭವಿಗಳು ಹೇಳುವುದೂ ಅದನ್ನೇ. ಗುರಿ ಉಸಿರು. ಎದ್ದು ಕೂತು ಮಾತಾಡಲಿ ಅನ್ನುವುದು ನಮ್ಮ ಆತುರ.

ಸಿಟ್ಟಿಗೆ ಎರಡನೇ ಕಾರಣ ಔಷಧಿಯಲ್ಲಿಲ್ಲ. ಅದು ಅವನು ಕಣ್ಣು ಬಿಟ್ಟಾಗ ಏನನ್ನು ನೋಡುತ್ತಾನೆ ಅನ್ನುವುದರಲ್ಲಿದೆ. ಮೇಲೆ ಬಗ್ಗಿದ ಅಪರಿಚಿತ ಮುಖಗಳು, ಯೂನಿಫಾರ್ಮು, ಕತ್ತರಿಸಿ ಹಾಕಿದ ತನ್ನ ಅಂಗಿ. ಯಾರೋ ಜೋರಾಗಿ "ಏನ್ ತಗೊಂಡೆ? ಹೇಳು!" ಅನ್ನುತ್ತಿರುತ್ತಾರೆ.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ನಿಮಗೆ ಗೊತ್ತು. ರಾಯರು ಎಲ್ಲರಿಗೂ ಒಂದೊಂದು ಬೆಕ್ಕು, ಹಾಲಿಗೆಂದು ಒಂದೊಂದು ಹಸು ಕೊಟ್ಟರು. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲಿನ ಬಟ್ಟಲು ಕಂಡರೆ ಸಾಕು, ಓಟ ಕೀಳುತ್ತಿತ್ತು. ಆಸ್ಥಾನದಲ್ಲಿ ಎಲ್ಲರೂ ನಕ್ಕರು, ನಾವೂ ಚಿಕ್ಕಂದಿನಲ್ಲಿ ನಕ್ಕಿದ್ದೇವೆ. ನಗು ಬಿಟ್ಟು ಆ ಬೆಕ್ಕಿನ ಕಡೆಯಿಂದ ಒಂದು ಸಲ ಯೋಚಿಸಿ. ಅದಕ್ಕೆ ಹಾಲು ಬೇಡವಾಗಿರಲಿಲ್ಲ, ಬಟ್ಟಲು ಬೇಡವಾಗಿತ್ತು.

ಓವರ್‌ಡೋಸ್ ಆದವರ ಮನೆಗೆ ಹೋಗುವ ತಂಡಗಳ ಕೈಯಲ್ಲಿ ಇರುವುದು ಹಾಲೇ. ನಲಾಕ್ಸೋನ್ ಇರುವ ಜೀವ ಉಳಿಸುವ ಕಿಟ್, ಚಿಕಿತ್ಸೆಯ ವಿಳಾಸ, ಒಳ್ಳೆಯ ಮನಸ್ಸು ಎಲ್ಲ ಇದೆ. ಆದರೆ ಬಟ್ಟಲು ಹಳೆಯದು. ಅದನ್ನು ಹೇಗೆ ಬದಲಾಯಿಸುವುದು ಅನ್ನುವುದೇ ಈ ತರಬೇತಿ.

ಮನೆಗೆ ಯಾಕೆ ಹೋಗಬೇಕು

2016ರ ಆಗಸ್ಟ್ 15ರಂದು ವೆಸ್ಟ್ ವರ್ಜೀನಿಯಾದ ಹಂಟಿಂಗ್ಟನ್ ಊರಿನಲ್ಲಿ ಕೆಲವೇ ಗಂಟೆಗಳಲ್ಲಿ 25ಕ್ಕೂ ಹೆಚ್ಚು ಜನರಿಗೆ ಓವರ್‌ಡೋಸ್ ಆಯಿತು. ಸುಮಾರು 50 ಸಾವಿರ ಜನರ ಊರದು. ಒಂದು ಕರೆಗೆ ಹೋದ ಆಂಬುಲೆನ್ಸ್ ವಾಪಸ್ ಬರುವ ಮೊದಲೇ ಮುಂದಿನ ಕರೆ. ಮರುವರ್ಷದ ಕೊನೆಗೆ ಆ ಊರು ಒಂದು ತಂಡ ಕಟ್ಟಿತು. ಆಂಬುಲೆನ್ಸ್ ಸಿಬ್ಬಂದಿ, ಚಟ ಬಿಡಿಸುವ ಸಲಹೆಗಾರರು, ಪೊಲೀಸ್, ಕೆಲವೊಮ್ಮೆ ಚರ್ಚಿನವರು. ಓವರ್‌ಡೋಸ್ ಆದವರನ್ನು ಒಂದೆರಡು ಮೂರು ದಿನದೊಳಗೆ ಹುಡುಕಿಕೊಂಡು ಹೋಗುವುದು ಇವರ ಕೆಲಸ. ಈ ಮಾದರಿ ಅದಕ್ಕೂ ಮೊದಲು, 2015ರಲ್ಲಿ, ಒಹಾಯೊ ರಾಜ್ಯದ ಸಿನ್ಸಿನಾಟಿ ಪಕ್ಕದ ಕೋಲರೇನ್ ಟೌನ್‌ಶಿಪ್‌ನಲ್ಲಿ ಶುರುವಾಗಿತ್ತು. ಈಗ ಅಮೆರಿಕದ ಹಲವು ರಾಜ್ಯಗಳಲ್ಲಿ ಇಂಥ ತಂಡಗಳಿವೆ.

ಮೂರು ದಿನದ ಆತುರ ಯಾಕೆ ಅಂದರೆ, ಮ್ಯಾಸಚೂಸೆಟ್ಸ್ ರಾಜ್ಯದ ದಾಖಲೆಗಳನ್ನು ನೋಡಬೇಕು. ಓವರ್‌ಡೋಸ್ ಆಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದು, ಬದುಕಿ ಮನೆಗೆ ಹೋದವರಲ್ಲಿ ಸುಮಾರು 20ಕ್ಕೆ ಒಬ್ಬರು ಒಂದು ವರ್ಷದೊಳಗೆ ಸತ್ತಿದ್ದರು. ಹಾಗೆ ಸತ್ತವರಲ್ಲಿ ಐದನೇ ಒಂದು ಭಾಗ ಮೊದಲ ತಿಂಗಳಲ್ಲೇ ಹೋದವರು. ಕೆಲವರು ಎರಡೇ ದಿನದಲ್ಲಿ. ಅದೇ ರಾಜ್ಯದ ಇನ್ನೊಂದು ಅಧ್ಯಯನ 17 ಸಾವಿರಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿತು. ಓವರ್‌ಡೋಸ್ ನಂತರ ಚಟದ ಚಿಕಿತ್ಸೆಗೆ ಕೊಡುವ ಮೆಥಡೋನ್ ಔಷಧಿ ತೆಗೆದುಕೊಳ್ಳುತ್ತಿದ್ದವರಲ್ಲಿ ಸಾವಿನ ಪ್ರಮಾಣ 59% ಕಡಿಮೆ, ಅಂಥದ್ದೇ ಇನ್ನೊಂದು ಔಷಧಿ ಬುಪ್ರೆನಾರ್ಫಿನ್ ತೆಗೆದುಕೊಂಡವರಲ್ಲಿ 38% ಕಡಿಮೆ. ಇಷ್ಟು ಒಳ್ಳೆಯ ಔಷಧಿಗಳಿದ್ದೂ ಮುಂದಿನ ಒಂದು ವರ್ಷದಲ್ಲಿ ಅವು ಸಿಕ್ಕಿದ್ದು ಹತ್ತಕ್ಕೆ ಮೂವರಿಗೆ ಮಾತ್ರ.

ಅಂದರೆ ಔಷಧಿ ಒಂದು ಕಡೆ ಇದೆ, ಬೇಕಾದವರು ಇನ್ನೊಂದು ಕಡೆ ಇದ್ದಾರೆ. ನಡುವೆ ಇರುವುದು ಒಂದು ಮುಚ್ಚಿದ ಬಾಗಿಲು. 2022ರಲ್ಲಿ ಅಮೆರಿಕದಲ್ಲಿ ಸುಮಾರು 1 ಲಕ್ಷ 8 ಸಾವಿರ ಜನ ಡ್ರಗ್ಸ್ ಓವರ್‌ಡೋಸ್‌ನಿಂದ ಸತ್ತರು. 2024ರಲ್ಲಿ ಅದು 80 ಸಾವಿರದ ಆಸುಪಾಸಿಗೆ ಇಳಿಯಿತು. ಇಳಿದದ್ದು ದೊಡ್ಡ ಸಂಗತಿಯೇ. ಹಾಗಂತ 80 ಸಾವಿರ ಅಂದರೆ ಒಂದು ಸಾಧಾರಣ ಪಟ್ಟಣ ಪೂರ್ತಿ.

ಬಾಗಿಲ ಆಚೆ ಇರುವವರು

ಟ್ರಾಮಾ ಅನ್ನುವ ಪದವನ್ನು ನಮ್ಮಲ್ಲಿ ಹೆಚ್ಚಾಗಿ ಅಪಘಾತದ ವಾರ್ಡಿಗೆ ಬಳಸುತ್ತೇವೆ. ಇಲ್ಲಿ ಅದು ಮನಸ್ಸಿನ ಗಾಯ. ಟ್ರಾಮಾ ಇನ್‌ಫಾರ್ಮ್ಡ್ ಕೇರ್ ಅನ್ನುವುದಕ್ಕೆ ಕನ್ನಡದಲ್ಲಿ ಇನ್ನೂ ಒಂದು ಪದ ನೆಲೆ ನಿಂತಿಲ್ಲ. ಸದ್ಯಕ್ಕೆ ಗಾಯ ಅರಿತ ಆರೈಕೆ ಅಂತಿಟ್ಟುಕೊಳ್ಳೋಣ.

ಚಟಕ್ಕೂ ಹಳೇ ಗಾಯಕ್ಕೂ ಎಷ್ಟು ಹತ್ತಿರದ ನಂಟು ಅನ್ನುವುದು ಗಟ್ಟಿಯಾಗಿ ಗೊತ್ತಾದದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ. ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡ ಎಂಬ ವೈದ್ಯರು ಕೈಸರ್ ಪರ್ಮನೆಂಟೆ ಆಸ್ಪತ್ರೆಗೆ ಸುಮ್ನೆ ತಪಾಸಣೆಗೆಂದು ಬಂದ ಸಾವಿರಾರು ಜನರಿಗೆ ಬಾಲ್ಯದ ಬಗ್ಗೆ ಪ್ರಶ್ನೆ ಕೇಳಿದರು. ಮನೆಯಲ್ಲಿ ಹೊಡೆತ ಇತ್ತಾ? ಲೈಂಗಿಕ ದೌರ್ಜನ್ಯ ಆಗಿತ್ತಾ? ಮನೆಯವರು ಯಾರಾದರೂ ಜೈಲಿಗೆ ಹೋಗಿದ್ದರಾ, ಕುಡಿಯುತ್ತಿದ್ದರಾ? 1998ರಲ್ಲಿ ಮೊದಲ ವರದಿ ಬಂತು. ಆಮೇಲೆ 2003ರ ವರದಿ ಡ್ರಗ್ಸ್ ವಿಷಯವನ್ನೇ ನೋಡಿತು. ಇಂಥ ಅನುಭವ ಐದು ಅಥವಾ ಜಾಸ್ತಿ ಇದ್ದವರಲ್ಲಿ ಡ್ರಗ್ಸ್ ಸಮಸ್ಯೆ ಇರುವ ಸಾಧ್ಯತೆ, ಒಂದೂ ಇಲ್ಲದವರಿಗಿಂತ 7ರಿಂದ 10 ಪಟ್ಟು. ಹಾಗಂತ ಬಾಲ್ಯ ಕೆಟ್ಟಿದ್ದವರೆಲ್ಲ ಚಟಕ್ಕೆ ಬೀಳುತ್ತಾರೆ ಅಂತಲ್ಲ. ಚಟಕ್ಕೆ ಬಿದ್ದವರ ಬಾಗಿಲು ತಟ್ಟುವಾಗ ಒಳಗೆ ಹಳೇ ಗಾಯ ಇರುವ ಸಂಭವ ಬಹಳ ಅಂತ ಅರ್ಥ.

ಅದರ ಮೇಲೆ ಚಟದ ವರ್ಷಗಳು ಕೊಟ್ಟ ಗಾಯಗಳಿರುತ್ತವೆ. ಜೈಲು, ಬೀದಿಯ ಹೊಡೆತ, ಮಕ್ಕಳನ್ನು ಸರ್ಕಾರದವರು ಕರೆದೊಯ್ದ ದಿನ, ಆಸ್ಪತ್ರೆಯಲ್ಲಿ "ಇವನದ್ದು ಇದ್ದದ್ದೇ" ಅಂತ ಪಕ್ಕಕ್ಕೆ ಸರಿಸಿದ ನರ್ಸ್. ಎಲ್ಲದರ ಮೇಲೆ ಮೊನ್ನೆಯ ಓವರ್‌ಡೋಸ್. ಸತ್ತು ಬದುಕಿದ್ದೂ ಒಂದು ಗಾಯವೇ. ಇನ್ನೊಬ್ಬರನ್ನು ನಾವು ಮರೆತೇಬಿಡುತ್ತೇವೆ. ಬಚ್ಚಲಮನೆ ಬಾಗಿಲು ಒಡೆದು ಒಳಗೆ ಹೋಗಿ ಮಗನ ಎದೆ ಒತ್ತಿದ ತಾಯಿ. ತಂಡ ಬಾಗಿಲು ತಟ್ಟಿದಾಗ ತೆರೆಯುವವಳು ಹೆಚ್ಚಾಗಿ ಅವಳೇ.

ಗಾಯಗೊಂಡ ಮನಸ್ಸಿಗೆ ಅಪಾಯದ ಗಂಟೆ ಬೇಗ ಬಾರಿಸುತ್ತದೆ. ಬಾಗಿಲ ಮೇಲೆ ಜೋರಾಗಿ ಬಿದ್ದ ಮೂರು ಏಟು, ಸೊಂಟಕ್ಕೆ ಕಟ್ಟಿದ ವಾಕಿಟಾಕಿಯ ಕರಕರ ಸದ್ದು, ಬೂಟಿನ ಸಪ್ಪಳ ಯಾವುದಾದರೂ ಸಾಕು. ಯೋಚಿಸುವ ಮೊದಲೇ ಮೈ ತೀರ್ಮಾನ ಮಾಡಿಬಿಡುತ್ತದೆ. ಕೆಲವರು ಜಗಳಕ್ಕೆ ನಿಲ್ಲುತ್ತಾರೆ. ಕೆಲವರು ಹಿಂಬಾಗಿಲಿಂದ ಓಡುತ್ತಾರೆ. ಕೆಲವರು ಕಲ್ಲಾಗಿ, ಕಣ್ಣು ಎಲ್ಲೋ ನೆಟ್ಟು ನಿಂತುಬಿಡುತ್ತಾರೆ. ಇವನ್ನು ಗುರುತಿಸುವುದು ತಂಡಕ್ಕೆ ಸುಲಭ. ಗುರುತಿಸಲು ಕಷ್ಟವಾದ ಇನ್ನೊಂದು ರೀತಿ ಇದೆ. ಎಲ್ಲದಕ್ಕೂ ಹೂಂ ಅನ್ನುವವರು. "ಚಿಕಿತ್ಸೆಗೆ ಬರ್ತೀರಾ?" ಹೂಂ. "ನಾಳೆ ಹತ್ತು ಗಂಟೆಗೆ?" ಹೂಂ. ತಂಡ ಖುಷಿಯಿಂದ 'ಒಪ್ಪಿದರು' ಅಂತ ಬರೆದುಕೊಂಡು ಹೋಗುತ್ತದೆ. ನಾಳೆ ಹತ್ತು ಗಂಟೆಗೆ ಅಲ್ಲಿ ಯಾರೂ ಇರುವುದಿಲ್ಲ. ಅವರು ಸುಳ್ಳು ಹೇಳಿದರು ಅಂತ ತಂಡಕ್ಕೆ ಬೇಜಾರು. ಬಲ ಇರುವವರ ಎದುರು ಹೂಂ ಅಂದರೆ ಏಟು ಕಡಿಮೆ ಬೀಳುತ್ತದೆ ಅನ್ನುವುದನ್ನು ಆ ಮನುಷ್ಯ ಆರನೇ ವಯಸ್ಸಿನಲ್ಲೇ ಕಲಿತಿರಬಹುದು.

ಕೇಳದೆಯೇ ಅರಿಯುವುದು

ಚಟ ಮತ್ತು ಮಾನಸಿಕ ಆರೋಗ್ಯದ ವಿಷಯ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಸ್ಯಾಮ್‌ಸಾ 2014ರಲ್ಲಿ ಈ ಆರೈಕೆಗೆ ಒಂದು ಚೌಕಟ್ಟು ಹಾಕಿಕೊಟ್ಟಿತು. ಗಾಯ ಎಷ್ಟು ವ್ಯಾಪಕ ಅಂತ ತಿಳಿದಿರುವುದು, ಅದರ ಗುರುತುಗಳನ್ನು ಕಾಣುವುದು, ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳುವುದು, ಹೊಸ ಗಾಯ ಮಾಡದೇ ಇರುವುದು. ಜೊತೆಗೆ ಆರು ತತ್ವಗಳೂ ಇವೆ. ತರಬೇತಿಯ ಪವರ್‌ಪಾಯಿಂಟ್‌ಗಳಲ್ಲಿ ಇವು ಚೆಂದದ ಬಣ್ಣದ ವೃತ್ತಗಳಾಗಿ ಬರುತ್ತವೆ. ಜನ ಫೋಟೊ ಹೊಡೆದುಕೊಳ್ಳುತ್ತಾರೆ, ಟೀ ಬ್ರೇಕಿನಲ್ಲಿ ಮರೆಯುತ್ತಾರೆ. ತತ್ವಗಳ ಬಗ್ಗೆ ನನಗೆ ತಕರಾರಿಲ್ಲ. ಅವು ಬಾಗಿಲ ಹತ್ತಿರ ಏನಾಗುತ್ತವೆ ಅನ್ನುವುದನ್ನು ನೋಡಿದರೆ ಮಾತ್ರ ಅವಕ್ಕೆ ಜೀವ ಬರುತ್ತದೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಗಾಯ ಅರಿತ ಆರೈಕೆ ಅಂದರೆ ಗಾಯದ ಕತೆ ಕೇಳುವುದು ಅಂತ ಹೊಸಬರು ಅಂದುಕೊಳ್ಳುತ್ತಾರೆ. ಎದುರಿಗೆ ಕೂತು, ತಲೆ ಓರೆ ಮಾಡಿ, "ಚಿಕ್ಕಂದಿನಲ್ಲಿ ನಿಮಗೇನಾಯ್ತು?" ಅಂತ ಕೇಳುವುದು. ಹಾಗೆ ಮಾಡಲೇಬಾರದು. ಹೊಸ್ತಿಲ ಮೇಲೆ ನಿಂತು ಹತ್ತು ನಿಮಿಷದ ಭೇಟಿಯಲ್ಲಿ ಹಳೇ ಹುಣ್ಣು ಕೆದಕಿ, ಕಿಟ್ ಕೊಟ್ಟು ಹೊರಟರೆ ಆ ರಾತ್ರಿ ಅದನ್ನು ಹೊತ್ತುಕೊಂಡು ಕೂರುವವರು ಅವರು. ಆಸ್ಪತ್ರೆಯಲ್ಲಿ ರಕ್ತ ತೆಗೆಯುವವರು ಪ್ರತಿಯೊಬ್ಬರಿಗೂ ಗ್ಲೌಸ್ ಹಾಕಿಕೊಳ್ಳುತ್ತಾರಲ್ಲ, ಇದೂ ಹಾಗೇ. ಎದುರಿಗಿರುವವರಿಗೆ ಎಚ್‌ಐವಿ ಇದೆಯಾ ಅಂತ ಯಾರೂ ಮೊದಲು ಕೇಳುವುದಿಲ್ಲ. ಗಾಯ ಇದೆ ಅಂದುಕೊಂಡೇ ನಡೆದುಕೊಂಡರೆ ಆಯಿತು. ಇಲ್ಲದಿದ್ದರೂ ನಷ್ಟವಿಲ್ಲ.

ಇನ್ನು ಬಾಗಿಲ ಹತ್ತಿರ ಬರೋಣ. ಒಳ್ಳೆಯ ತರಬೇತಿಯಲ್ಲಿ ಅರ್ಧ ದಿನ ಇದರಲ್ಲೇ ಹೋಗುತ್ತದೆ, ಹೋಗಬೇಕು.

ಗಾಡಿ ಎಲ್ಲಿ ನಿಲ್ಲಿಸುತ್ತೀರಿ? ದೀಪ ಇರುವ ಜೀಪು ಮನೆ ಮುಂದೆ ನಿಂತರೆ ಬೀದಿಗೆಲ್ಲ ಸುದ್ದಿ. ಬಾಡಿಗೆ ಮನೆಯಾದರೆ ಮಾಲೀಕನಿಗೂ ಸುದ್ದಿ. ಬಾಗಿಲ ಎದುರಿಗೇ ನಿಲ್ಲುತ್ತೀರೋ, ಒಂದು ಪಕ್ಕಕ್ಕೋ? ಎದುರಿಗೆ ಮೂವರು ನಿಂತರೆ ಒಳಗಿನವರಿಗೆ ದಾರಿ ಕಟ್ಟಿದ ಹಾಗೆ. ಬಾಗಿಲು ತೆರೆದವರು ಓವರ್‌ಡೋಸ್ ಆದವರಲ್ಲದೆ ಬೇರೆ ಯಾರೋ ಆದರೆ ಏನು ಹೇಳುತ್ತೀರಿ? ಹೆಂಡತಿಗೆ ಗೊತ್ತಿಲ್ಲದಿರಬಹುದು, ಅತ್ತೆಗೆ ಗೊತ್ತಿಲ್ಲದಿರಬಹುದು. ಆ ಪದವೇ ಬಾಯಿಂದ ಬರಬಾರದು. ಟಿಬಿ ಮಾತ್ರೆ ಕೊಡಲು ಹೋಗುವ ನಮ್ಮ ಆಶಾ ಕಾರ್ಯಕರ್ತೆಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವಳು ಬೀದಿಯಲ್ಲಿ ನಿಂತು ರೋಗದ ಹೆಸರು ಕೂಗುವುದಿಲ್ಲ. ಜಗಲಿ ಮೇಲೆ ಕೂತು ಒಂದು ಲೋಟ ನೀರು ಕೇಳುತ್ತಾಳೆ, ಮಗು ಸ್ಕೂಲಿಗೆ ಹೋಯ್ತಾ ಅಂತ ಕೇಳುತ್ತಾಳೆ. ವಿಷಯ ಆಮೇಲೆ.

ಬಾಗಿಲು ತೆರೆದ ಮೇಲೆ ಬರುವ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ. "ನನ್ನ ಅಡ್ರೆಸ್ ನಿಮಗೆ ಯಾರು ಕೊಟ್ಟರು?" ಇಡೀ ತರಬೇತಿಯಲ್ಲಿ ಇದಕ್ಕಿಂತ ಕಷ್ಟದ ಪ್ರಶ್ನೆ ಇಲ್ಲ ಅಂತ ನನ್ನ ಅನಿಸಿಕೆ. ಹಾರಿಕೆಯ ಉತ್ತರ ಕೊಟ್ಟರೆ ಅಲ್ಲಿಗೆ ಮುಗಿಯಿತು. ಮೊನ್ನೆ ಅಲ್ಲಿಯ ತುರ್ತು ನಂಬರ್ 911ಕ್ಕೆ ಕರೆ ಬಂದಿತ್ತು, ಆ ದಾಖಲೆಯಿಂದ ಸಿಕ್ಕಿತು, ಅದನ್ನು ಇಂಥಿಂಥವರು ಮಾತ್ರ ನೋಡುತ್ತಾರೆ ಅಂತ ನೇರವಾಗಿ ಹೇಳಬೇಕು. ಬೇಡ ಅಂದರೆ ಮತ್ತೆ ಬರುವುದಿಲ್ಲ ಅಂತಲೂ ಹೇಳಬೇಕು. ಹೇಳಿದ ಮೇಲೆ ಹಾಗೇ ನಡೆದುಕೊಳ್ಳಬೇಕು. ಉತ್ತರ ಕೇಳಿ ಆ ವ್ಯಕ್ತಿಗೆ ಸಿಟ್ಟು ಬರಬಹುದು. ಬರಲಿ. ಸಿಟ್ಟು ಬಂದವರು ಇನ್ನೂ ಮಾತಾಡುತ್ತಿರುತ್ತಾರೆ.

ಆಮೇಲೆ ಸಣ್ಣ ಸಣ್ಣ ಆಯ್ಕೆಗಳು. ಇಲ್ಲೇ ಮಾತಾಡೋಣವೋ, ಆ ಕಡೆ ಹೋಗೋಣವೋ? ಈಗಲೋ, ಸಂಜೆಯೋ? ಕಿಟ್ ಕೈಗೆ ಕೊಡಲೋ, ಇಲ್ಲೇ ಇಟ್ಟು ಹೋಗಲೋ? ಕೇಳಲು ಇವು ಬಾಲಿಶ ಅನಿಸುತ್ತವೆ. ಆದರೆ ಗಾಯದ ಹೊತ್ತಿನಲ್ಲಿ ಮನುಷ್ಯ ಮೊದಲು ಕಳೆದುಕೊಳ್ಳುವುದು ಆಯ್ಕೆಯನ್ನೇ. ಯಾವಾಗ, ಎಲ್ಲಿ, ಎಷ್ಟು ಅನ್ನುವುದೆಲ್ಲ ಆಗ ಬೇರೆಯವರ ಕೈಯಲ್ಲಿರುತ್ತದೆ. ಅದನ್ನು ಚೂರು ಚೂರಾಗಿ ವಾಪಸ್ ಕೊಡುವುದು ಇಲ್ಲಿಯ ಕೆಲಸ. ಒಂದೇ ಷರತ್ತು, ಆಯ್ಕೆ ನಿಜವಾಗಿರಬೇಕು. ಚಿಕಿತ್ಸೆಗೆ ಬರ್ತೀರೋ, ಸಾಯ್ತೀರೋ ಅನ್ನುವುದು ಆಯ್ಕೆಯ ವೇಷ ಹಾಕಿದ ಬೆದರಿಕೆ.

ಪ್ರಶ್ನೆ ಕೇಳುವ ರೀತಿಯನ್ನೂ ಮಡಚಿ ಬಿಚ್ಚಿ ಅಭ್ಯಾಸ ಮಾಡಿಸುತ್ತಾರೆ. "ಯಾಕೆ ತಗೊಂಡ್ರಿ?" ಅಂದರೆ ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ. "ಮೊನ್ನೆ ಆದಮೇಲೆ ಹೇಗಿದ್ದೀರಿ? ನಿದ್ದೆ ಬಂತಾ?" ಅಂದರೆ ಅಕ್ಕಪಕ್ಕದವರು ಕೇಳಿದ ಹಾಗೆ. ಮುಟ್ಟುವ ಮೊದಲು ಕೇಳಬೇಕು. ಭುಜ ತಟ್ಟುವುದು ನಮಗೆ ಸಮಾಧಾನ. ಅವರಿಗೆ ಅದು ಹಿಂದೊಮ್ಮೆ ಏನಾಗಿತ್ತೋ ಗೊತ್ತಿಲ್ಲ. ನಡುವೆ ಸುಮ್ಮನಿರುವುದನ್ನೂ ಕಲಿಯಬೇಕು. ಆಂಬುಲೆನ್ಸ್‌ನವರಿಗೆ ಇದು ತುಂಬಾ ಕಷ್ಟ. ಅವರ ವೃತ್ತಿಯಲ್ಲಿ ಮೌನ ಅಂದರೆ ನಾಡಿ ಸಿಗುತ್ತಿಲ್ಲ ಅಂತ ಅರ್ಥ.

ಪದಗಳ ವಿಷಯ ಬಂದಾಗ ನನಗೆ ನಮ್ಮ ಗೋಡೆಬರಹ ನೆನಪಾಗುತ್ತದೆ. "ಚಟ ಚಟ್ಟ ಕಟ್ಟುತ್ತದೆ." ಪ್ರಾಸ ಪಕ್ಕಾ ಕೂತಿದೆ, ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಇನ್ನೂ ಶುರು ಮಾಡದ ಹುಡುಗನಿಗೆ ಅದು ಎಚ್ಚರಿಕೆ ಆಗಬಹುದೇನೋ. ಮೊನ್ನೆಯಷ್ಟೇ ಚಟ್ಟದ ಹತ್ತಿರ ಹೋಗಿ ಬಂದವನಿಗೆ ಅದರಲ್ಲಿ ಹೊಸದೇನೂ ಇಲ್ಲ. ಇಂಗ್ಲಿಷಿನಲ್ಲೂ ಇಂಥದ್ದೇ ಕತೆ. ಮೂತ್ರ ಪರೀಕ್ಷೆಯಲ್ಲಿ ಡ್ರಗ್ಸ್ ಸಿಕ್ಕರೆ 'ಡರ್ಟಿ', ಸಿಗದಿದ್ದರೆ 'ಕ್ಲೀನ್' ಅನ್ನುವ ರೂಢಿ ಇತ್ತು, ಹಲವು ಕಡೆ ಇನ್ನೂ ಇದೆ. ಈ ತಂಡಗಳಿಗೆ ಅದನ್ನು ಬಿಡಿಸುತ್ತಾರೆ. ಪದ ಬದಲಾದರೆ ಮನಸ್ಸು ಬದಲಾಗುತ್ತದೆ ಅಂತ ನಾನು ನಂಬುವುದಿಲ್ಲ. ಕೆಟ್ಟ ಪದ ಕೇಳಿದ ಕೂಡಲೇ ಬಾಗಿಲು ಮುಚ್ಚುತ್ತದೆ ಅನ್ನುವುದನ್ನು ಮಾತ್ರ ನಂಬುತ್ತೇನೆ.

ಪೊಲೀಸರ ಪ್ರಶ್ನೆ

ಈಗ ನಿಜವಾದ ಮುಳ್ಳಿಗೆ ಬರೋಣ. ಹಲವು ತಂಡಗಳಲ್ಲಿ ಪೊಲೀಸರು ಇದ್ದಾರೆ. ಕೆಲವು ಕಡೆ ತಂಡ ಶುರುವಾದದ್ದೇ ಪೊಲೀಸ್ ಠಾಣೆಯಿಂದ. ವಿಳಾಸ ಇರುವುದು ಅವರ ಬಳಿ, ಗಾಡಿ ಅವರದ್ದು, ರಾತ್ರಿ ಹೊತ್ತು ಹೋಗುವ ಧೈರ್ಯವೂ ಅವರದ್ದು. ಕೆಲವರು ನಿಜಕ್ಕೂ ಒಳ್ಳೆಯ ಮನಸ್ಸಿನವರು. ಒಂದೇ ಹುಡುಗನಿಗೆ ಮೂರು ಸಲ ನಲಾಕ್ಸೋನ್ ಕೊಟ್ಟು ಸಾಕಾಗಿ, ಬೇರೆ ದಾರಿ ಹುಡುಕಿದವರು.

ಸಮಸ್ಯೆ ಇರುವುದು ಕ್ರಮದಲ್ಲಿ. ಮ್ಯಾಸಚೂಸೆಟ್ಸ್‌ನ ತಂಡಗಳನ್ನು ಅಧ್ಯಯನ ಮಾಡಿದವರಿಗೆ ಒಂದು ರೂಢಿ ಕಣ್ಣಿಗೆ ಬಿತ್ತು. ಭೇಟಿಗೆ ಹೊರಡುವ ಮೊದಲು ಆ ವ್ಯಕ್ತಿಯ ಹೆಸರಲ್ಲಿ ವಾರಂಟ್ ಇದೆಯಾ ಅಂತ ಹಲವು ತಂಡಗಳು ನೋಡುತ್ತಿದ್ದವು. ಇದ್ದರೆ ಏನು ಮಾಡಬೇಕು ಅನ್ನುವುದು ಒಂದೊಂದು ಊರಲ್ಲಿ ಒಂದೊಂದು ಥರ. ಕೆಲವರು ಮೊದಲೇ ತಿಳಿಸಿ ವಾರಂಟ್ ಬಗೆಹರಿಸಿಕೊಳ್ಳಲು ಸಹಾಯ ಮಾಡುತ್ತಿದ್ದರು. ಕೆಲವರು ಪೊಲೀಸರನ್ನು ಬಿಟ್ಟು ಹೋಗುತ್ತಿದ್ದರು. ಬಂಧನವಾಗುವ ಸಾಧ್ಯತೆ ಇದ್ದ ಕಡೆಗಳೂ ಇದ್ದವು.

ಒಂದು ಬೀದಿಯಲ್ಲಿ ಒಮ್ಮೆ ಹಾಗಾದರೆ ಸಾಕು. ಮುಂದಿನ ಸಲ ಓವರ್‌ಡೋಸ್ ಆದಾಗ ಆ ಬೀದಿಯವರು 911ಕ್ಕೆ ಕರೆ ಮಾಡಲು ಹಿಂಜರಿಯುತ್ತಾರೆ. ಕರೆ ಮಾಡಿದವರನ್ನೂ ಬಿದ್ದವರನ್ನೂ ಡ್ರಗ್ಸ್ ಇಟ್ಟುಕೊಂಡ ಕೇಸಿನಿಂದ ಕಾಪಾಡುವ ಕಾನೂನನ್ನು ನ್ಯೂ ಮೆಕ್ಸಿಕೊ ರಾಜ್ಯ 2007ರಲ್ಲೇ ಮಾಡಿತು. ಆಮೇಲೆ ಬಹುತೇಕ ರಾಜ್ಯಗಳು ಮಾಡಿದವು. ಆ ರಕ್ಷಣೆ ಸಾಮಾನ್ಯವಾಗಿ ಹಳೇ ವಾರಂಟಿಗೆ ಅನ್ವಯಿಸುವುದಿಲ್ಲ. ಕಾನೂನಿನ ಈ ಸೂಕ್ಷ್ಮ ಬೀದಿಯಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ.

ಅದಕ್ಕೇ, ಮೃದುವಾಗಿ ಮಾತಾಡುವುದನ್ನು ಎರಡು ದಿನ ಕಲಿಸಿ, ವಾರಂಟ್ ನೋಡುವ ನಿಯಮ ಹಾಗೇ ಬಿಟ್ಟರೆ ಆ ತರಬೇತಿ ದಂಡ ಅಂತ ನನಗನಿಸುತ್ತದೆ. ದಂಡಕ್ಕಿಂತ ಕೆಟ್ಟದ್ದೂ ಆಗಬಹುದು. ನಂಬಿಕೆ ಹುಟ್ಟಿಸುವ ಕಲೆ ಕಲಿತವರು ಬಂದು ಕರೆದುಕೊಂಡು ಹೋಗಿ ಒಳಗೆ ಹಾಕಿಸಿದರೆ, ಒರಟಾಗಿ ಬಂದವರಿಗಿಂತ ಆಳದ ಗಾಯ ಮಾಡುತ್ತಾರೆ. ತರಬೇತಿಗೆ ಕೂರಬೇಕಾದವರಲ್ಲಿ ಬಾಗಿಲು ತಟ್ಟುವವರಷ್ಟೇ ಅಲ್ಲ, ನಿಯಮ ಬರೆಯುವ ಮೇಲಧಿಕಾರಿಯೂ ಇರಬೇಕು. ಅವರು ಉದ್ಘಾಟನೆಗೆ ಬಂದು, ಎರಡು ಮಾತಾಡಿ, ಫೋಟೊ ತೆಗೆಸಿಕೊಂಡು ಹೋಗುವುದು ಅಲ್ಲೂ ಇದೆ, ಇಲ್ಲೂ ಇದೆ.

ತಂಡದವರ ಗಾಯ

ಇಂಥ ತಂಡಗಳಲ್ಲಿ ಒಬ್ಬರಾದರೂ ತಾವೇ ಚಟದಿಂದ ಹೊರಬಂದವರು ಇರುವುದು ಒಳ್ಳೆಯದು ಅನ್ನುತ್ತಾರೆ. ರಿಕವರಿ ಕೋಚ್ ಅಂತ ಅವರ ಹುದ್ದೆ. ಮುಚ್ಚಿದ ಬಾಗಿಲ ಆಚೆಯಿಂದ "ನಿನಗೇನು ಗೊತ್ತು?" ಅಂತ ಬಂದರೆ ಉತ್ತರ ಕೊಡಬಲ್ಲವರು ಅವರೊಬ್ಬರೇ. "ನಾನೂ ನೆಲದ ಮೇಲೆ ಬಿದ್ದಿದ್ದೆ" ಅನ್ನುವ ಒಂದು ಮಾತು ಡಾಕ್ಟರ ಡಿಗ್ರಿಗಿಂತ ದೂರ ಹೋಗುತ್ತದೆ.

ಆದರೆ ಅದರ ಬೆಲೆ ತೆರುವವರೂ ಅವರೇ. ಅವರು ಭೇಟಿ ಮಾಡುವವರಲ್ಲಿ ಹಳೇ ಗೆಳೆಯರು ಇರುತ್ತಾರೆ. ಮಂಗಳವಾರ ಕಿಟ್ ಕೊಟ್ಟು ಬಂದವರ ಹೆಸರು ಶುಕ್ರವಾರ ಸತ್ತವರ ಪಟ್ಟಿಯಲ್ಲಿ ಕಾಣುತ್ತದೆ. ಹಳೇ ವಾಸನೆ, ಹಳೇ ಕೋಣೆ, ಮೇಜಿನ ಮೇಲಿನ ಸಿರಿಂಜು ಎಲ್ಲ ಅವರ ಮೈಗೂ ಗಂಟೆ ಬಾರಿಸುತ್ತವೆ. ಇಷ್ಟಾಗಿಯೂ ಹೆಚ್ಚಿನ ಕಡೆ ತಂಡದಲ್ಲಿ ಅತಿ ಕಡಿಮೆ ಸಂಬಳ ಅವರದ್ದೇ. ಆಂಬುಲೆನ್ಸ್‌ನವರಿಗೆ ಬೇರೆ ಥರದ ಸವೆತ. ಹದಿನೈದನೇ ಸಲ ಅದೇ ಮನೆಗೆ ಹೋಗುವಾಗ ಕನಿಕರ ಬತ್ತಿಹೋಗಿರುತ್ತದೆ. ಬತ್ತಿದ್ದು ಅವರು ಕೆಟ್ಟವರಾಗಿದ್ದಕ್ಕಲ್ಲ. ಮನಸ್ಸು ತನ್ನನ್ನು ಕಾಪಾಡಿಕೊಳ್ಳುವ ಒಂದು ರೀತಿ ಅದು. ಕುಹಕ ಜೋಕುಗಳೂ ಅಲ್ಲಿಂದಲೇ ಬರುತ್ತವೆ.

ಇದಕ್ಕೆ ಹಳೇ ಮದ್ದು ಅಂದರೆ, ಘಟನೆ ಆದ ಕೂಡಲೇ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಏನು ಕಂಡಿರಿ, ಏನನ್ನಿಸಿತು ಅಂತ ಒಬ್ಬೊಬ್ಬರಿಂದ ಹೇಳಿಸುವುದು. ಕೇಳಲು ಚೆನ್ನಾಗಿದೆ. ಆದರೆ ಇದರ ಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ, ಕಾಕ್ರೇನ್ ಎಂಬ ಸಂಶೋಧಕರ ಜಾಲದ ಪರಿಶೀಲನೆ, ಒಂದೇ ಸಲ ಹೀಗೆ ಹೇಳಿಸುವುದರಿಂದ ಮುಂದಿನ ಮಾನಸಿಕ ತೊಂದರೆ ತಪ್ಪುವುದಿಲ್ಲ ಅಂದಿತು. ಕೆಲವರಿಗೆ ಕೆಡುಕೂ ಆಗಬಹುದು. ಅದರ ಬದಲು ಈಗ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಮನಸ್ಸಿನ ಪ್ರಥಮ ಚಿಕಿತ್ಸೆ. ಬಾಯಿ ಬಿಡಿಸುವುದಿಲ್ಲ. ನೀರು ಕೊಡುತ್ತೀರಿ, ಮನೆಗೆ ಬಿಡುತ್ತೀರಿ, ನಾಳೆಯ ಪಾಳಿ ಬೇಕಾ ಬೇಡವಾ ಕೇಳುತ್ತೀರಿ. ಮಾತಾಡಬೇಕು ಅನಿಸಿದಾಗ ಯಾರಿದ್ದಾರೆ ಅಂತ ಹೇಳುತ್ತೀರಿ. ಬಾಗಿಲ ಆಚೆಯವರಿಗೆ ಏನು ಮಾಡಬೇಕು ಅಂತ ಹೇಳಿಕೊಟ್ಟೆವೋ, ಅದನ್ನೇ ಈಚೆಯವರಿಗೂ ಮಾಡುವುದು.

ಈ ಪಾಠ ಬೆಂಗಳೂರಿಗೆ ಹೊಸದಲ್ಲ. ಒಡಿಶಾದ 1999ರ ಚಂಡಮಾರುತ, ಗುಜರಾತಿನ 2001ರ ಭೂಕಂಪ, 2004ರ ಸುನಾಮಿ ಈ ಎಲ್ಲ ಹೊತ್ತಲ್ಲಿ ನಿಮ್ಹಾನ್ಸ್‌ನವರು ಊರಿನ ಸಾಧಾರಣ ಜನರಿಗೇ ಮನೆಮನೆಗೆ ಹೋಗಿ ಆಸರೆಯಾಗುವುದನ್ನು ಕಲಿಸಿದ್ದರು. ಮನೋವೈದ್ಯರು ಅಷ್ಟು ಮನೆಗೆ ಹೋಗಲು ಸಾಧ್ಯವೇ ಇರಲಿಲ್ಲ. ಕಷ್ಟ ಕಂಡವರ ಪಕ್ಕ ಕೂರುವುದು ಕಲಿಯಬಹುದಾದ ಕೆಲಸ ಅನ್ನುವುದು ಅಲ್ಲಿ ಗೊತ್ತಾಗಿತ್ತು. ನಮ್ಮಲ್ಲಿ ಓವರ್‌ಡೋಸ್ ಮನೆಭೇಟಿಯ ತಂಡಗಳು ಅಮೆರಿಕದಷ್ಟು ಬೆಳೆದಿಲ್ಲ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಭಾರತದಲ್ಲಿ ಸುಮಾರು 8.5 ಲಕ್ಷ ಜನ ಡ್ರಗ್ಸ್ ಚುಚ್ಚಿಕೊಳ್ಳುತ್ತಾರೆ ಅಂದಿತ್ತು. ಅವರನ್ನು ತಲುಪುತ್ತಿರುವುದು ಹೆಚ್ಚಾಗಿ ಎಚ್‌ಐವಿ ತಡೆ ಯೋಜನೆಗಳ ಕಾರ್ಯಕರ್ತರು. ಅವರಲ್ಲೂ ಹಲವರು ಒಂದು ಕಾಲಕ್ಕೆ ಚುಚ್ಚಿಕೊಳ್ಳುತ್ತಿದ್ದವರೇ. ಸರ್ಕಾರದ ಉಚಿತ ಸಹಾಯವಾಣಿ 14446 ಕೂಡ ಇದೆ. ಕರೆ ಮಾಡುವ ಧೈರ್ಯ ಬಂದವರಿಗೆ ಅದು ಸಾಕು. ಬಾರದವರ ಮನೆಗೆ ಯಾರಾದರೂ ಹೋಗಬೇಕು.

ನೋಟ್ಸ್ ಬರೆಯುವುದು

ತರಬೇತಿಯ ಕೊನೆಗೆ ಮಾಡಿಸಬಹುದಾದ ಒಂದು ಅಭ್ಯಾಸ ನನಗೆ ಎಲ್ಲಕ್ಕಿಂತ ಇಷ್ಟ. ನಾಟಕ ಆಡುತ್ತಾರೆ. ಒಬ್ಬರು ಬಾಗಿಲ ಒಳಗೆ, ಇಬ್ಬರು ಹೊರಗೆ. ಎಷ್ಟೋ ವರ್ಷ ಬಾಗಿಲು ತಟ್ಟಿದ ಪೊಲೀಸಿನವರನ್ನೇ ಒಳಗೆ ನಿಲ್ಲಿಸಬೇಕು. ಮುಚ್ಚಿದ ಬಾಗಿಲ ಹಿಂದೆ ನಿಂತು, ಆಚೆ ಎಷ್ಟು ಜನ ಇದ್ದಾರೆ ಅಂತ ಗೊತ್ತಿಲ್ಲದೆ, ಆ ಮೂರು ಏಟು ಕೇಳಿಸಿಕೊಳ್ಳಬೇಕು. ಆಮೇಲೆ ಎಲ್ಲರೂ ಕೂತು ಭೇಟಿಯ ನೋಟ್ಸ್ ಬರೆಯುತ್ತಾರೆ. ಆ ಕಾಗದ ನಾಳೆ ಇನ್ನೊಂದು ಪಾಳಿಯವರ ಕೈಗೆ ಹೋಗುತ್ತದೆ. ಮುಂದಿನ ಭೇಟಿ ಶುರುವಾಗುವುದು ಆ ಕಾಗದದಿಂದಲೇ.

ಮೊದಲ ಸಲ ಹೆಚ್ಚಿನವರು ಬರೆಯುವುದು ಒಂದೇ ಪದ. 'ನಿರಾಕರಿಸಿದರು.' ಅದನ್ನು ಹೊಡೆದುಹಾಕಿ, ಕಂಡದ್ದನ್ನಷ್ಟೇ ಮತ್ತೆ ಬರೆಯಲು ಹೇಳಬೇಕು. ಆಗ ಅದೇ ಭೇಟಿ ಹೀಗಾಗುತ್ತದೆ:

"ಬಾಗಿಲು ತೆರೆಯಲಿಲ್ಲ. ಕಿಟಕಿಯಿಂದ ಮಾತಾಡಿದರು. ಅಡ್ರೆಸ್ ಹೇಗೆ ಸಿಕ್ಕಿತು ಅಂತ ಕೇಳಿದರು, ಹೇಳಿದೆವು, ಬೈದರು. ನಾಯಿ ಇದೆ, ಹೆಸರು ಕೇಳಿದ್ದಕ್ಕೆ ಹೇಳಿದರು. ಕಿಟ್ ಮೆಟ್ಟಿಲ ಮೇಲಿಟ್ಟು ಹೋಗಿ ಅಂದರು. ನಾವು ಗಾಡಿ ಹತ್ತಿದ ಮೇಲೆ ಬಂದು ತೆಗೆದುಕೊಂಡರು. ಬೆಳಿಗ್ಗೆ ಬರಬೇಡಿ, ತಾಯಿ ಇರುತ್ತಾರೆ ಅಂದಿದ್ದಾರೆ. ಗುರುವಾರ ಸಂಜೆ ಹೋಗಬೇಕು."